ಅಧಿಕ ಮಾಸದ ಮೊಟ್ಟೆ

ತಾಯ್ನಾನ್‌ನ ಪೇಟೆಯಲ್ಲಿ ನನ್ನ ಗಂಡನ ತಾಯಿ ಶುರುಮಾಡಿದ ನಮ್ಮ ಅಂಗಡಿಯಲ್ಲಿ ಸಿಗುತ್ತಿದ್ದುದು ಹಂದಿಕಾಲಿನ ಸಾರು ಮತ್ತು ಶಾವಿಗೆ, ಅಷ್ಟೇ. ಅಧಿಕ ಮಾಸ ಬಂತೆಂದರೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಅದನ್ನು ಒಯ್ಯಬೇಕು. ಅಪ್ಪ ಅಮ್ಮನ ಆಯಸ್ಸು ಗಟ್ಟಿಯಾಗಲಿ ಅಂತ. ಆ ವರ್ಷ ಆರನೇ ತಿಂಗಳು ಎರಡು ಸಲ ಬಂದಿತ್ತು.

ನನ್ನ ತಮ್ಮನ ಮಗಳು ಯುನ್-ಚಿಯೆ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳೂ ಬಳಸಿಕೊಳ್ಳುವಂಥ ಕೋಡು, ಬರೆದಿದ್ದಾಳೆ. ಚಾಂದ್ರಮಾನದ ತಿಂಗಳು, ದಿನ ಕೊಟ್ಟರೆ ಅದು ಕ್ಯಾಲೆಂಡರಿನ ತಾರೀಖು ಹೇಳುತ್ತದೆ. ಊರೂರಿನ ದೇವಸ್ಥಾನದವರು, ಹೂವಿನಂಗಡಿಯವರು ಅದನ್ನು ತಮ್ಮ ಪ್ರೋಗ್ರಾಮುಗಳಿಗೆ ಜೋಡಿಸಿಕೊಂಡಿದ್ದಾರೆ. ನಮ್ಮ ಆರ್ಡರ್ ಮೆಷಿನ್ನೂ ನಡೆಯುವುದು ಅದರಿಂದಲೇ. ಆದರೆ ಅಧಿಕ ಮಾಸದ ತಾರೀಖು ಕೇಳಲು ಅದರಲ್ಲಿ ದಾರಿಯಿರಲಿಲ್ಲ. ಈಗ ಆ ದಾರಿ ಮಾಡಿ, ಅವಳು ಸಂಜೆ ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ ನಮ್ಮಲ್ಲಿ ಹಾಕಿ ನೋಡಲು ಬಂದಳು.

ಹಾಕಿದ್ದೇ ತಡ, ಮೆಷಿನ್ ನಿಂತುಹೋಯಿತು. ಬಾಗಿಲ ಹೊರಗೆ ಸಾಲು ಬೆಳೆಯುತ್ತಿತ್ತು.

"ಏನ್ ಮಾಡ್ದೇ?"

"ಅಧಿಕಾನಾ, ನಿಜಾನಾ ಅಂತ ಹೇಳ್ದೇ ಇದ್ರೆ ಇನ್ಮೇಲೆ ಲೈಬ್ರರಿ ಉತ್ತರ ಕೊಡಲ್ಲ ಅತ್ತೆ. ನಿಮ್ಮ ಪ್ರೋಗ್ರಾಮ್ ಹಳೇದು, ಹೇಳ್ತಿಲ್ಲ. ಎಲ್ಲಾರೂ ತಿದ್ಕೋಬೇಕು."

"ದೇವಸ್ಥಾನದೋರೂನಾ? ಆ ಪೂಜಾರಿಗೆ ಫೋನ್ ಆಫ್ ಮಾಡೋಕ್ಕೂ ಬರಲ್ಲ ಕಣೇ!"

"ಕಲೀಲಿ. ಒಂದು ಸಾಲು ಕೋಡು ಸೇರಿಸೋದಕ್ಕೆ ಏನ್ ಕಷ್ಟ?"

ಹಟಮಾರಿ. ನಾನು ಚೀಟಿ ಹಿಡಿದು ಗಿರಾಕಿಗಳ ಕಡೆ ತಿರುಗಿದೆ. ಅವತ್ತೇ ಹೊಸದಾಗಿ ಸೋಯಾದಲ್ಲಿ ಬೇಯಿಸಿದ ಮೊಟ್ಟೆ ಶುರು ಮಾಡಿದ್ದೆ. ಅದರ ಉಮೇದು ಬೇರೆ. ಮೊದಲು ನಿಂತಿದ್ದವರು ನನಗಿಂತ ಹಿರಿಯರು, ದಿನಾ ಬರುವ ಕುವೋ ಅಣ್ಣ.

"ಒಂದು ಬಟ್ಟಲು."

"ಮೊಟ್ಟೆ ಹಾಕ್ಲಾ ಅಣ್ಣ, ಬೇಡ್ವಾ?"

"ಒಂದು ಬಟ್ಟಲು."

"ಅದೇ, ಮೊಟ್ಟೆ ಹಾಕಿದ್ದಾ, ಹಾಕದೇ ಇದ್ದಿದ್ದಾ?"

"ನಿಮ್ಮತ್ತೆ ಕಾಲದಿಂದ್ಲೂ ಒಂದು ಬಟ್ಟಲು ಅಂದ್ರೆ ಒಂದು ಬಟ್ಟಲು ಬರ್ತಿತ್ತು. ಈಗ ಪರೀಕ್ಷೆ ಬರೆದು ಊಟ ಮಾಡ್ಬೇಕೇನಮ್ಮಾ? ಮೊಟ್ಟೆ ಬೇಕಾದೋನು ಬಾಯ್ಬಿಟ್ಟು ಕೇಳ್ತಾನೆ, ಬಿಡು!"

ಸಾಲಿಗೆ ಸಾಲೇ ನಕ್ಕಿತು. ನನ್ನ ಮುಖ ಕೆಂಪಾಯಿತು. ಯುನ್-ಚಿಯೆ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು.

"ಅಯ್ಯೋ ಅತ್ತೆ, ನಾನೂ ಇದನ್ನೇ ಮಾಡಿದೀನಿ."

ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತು ತಿದ್ದತೊಡಗಿದಳು. ಏನೂ ಹೇಳದವರಿಗೆ ನಿಜ ಮಾಸ, ಎಂದಿನ ಹಾಗೇ. ಅಧಿಕ ಬೇಕಾದವರು ಕೊನೆಗೊಂದು ಮಾತು ಸೇರಿಸಿದರೆ ಸಾಕು. ಸಾರು ಎರಡನೇ ಸಲ ಕುದಿ ಬರುವಷ್ಟರಲ್ಲಿ ನಮ್ಮ ಹಳೇ ಪ್ರೋಗ್ರಾಮು ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂತಿತು.

ಸಂಜೆ ಬಿಡುಗಡೆ ಮಾಡಿದಳು. ಪ್ರೋಗ್ರಾಮು ನಿಂತುಹೋಯಿತು ಅಂತ ಯಾವ ದೇವಸ್ಥಾನದಿಂದಲೂ ಫೋನ್ ಬರಲಿಲ್ಲ.

ಮರುದಿನ ಕುವೋ ಅಣ್ಣ ಬಂದರು. "ಒಂದು ಬಟ್ಟಲು," ಅಂದರು. ನಾನು ಸಾರು ಬಡಿಸತೊಡಗಿದೆ. ಅವರ ಕಣ್ಣು ಪಕ್ಕದವನ ಬಟ್ಟಲಿನ ಮೇಲೆ ಹೋಯಿತು. ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಸೇರಿಸಿದರು:

"...ಮೊಟ್ಟೆ ಹಾಕಿ."