ಎರಡೂ ಕಡೆ ಸಿಂಹವಿದ್ದ ಒಂದು ರೂಪಾಯಿ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಆಗ ಅಲ್ಲಿ ಎಲ್ಲಿ ಹೋದರೂ ಕೇಳಿಬರುತ್ತಿದ್ದುದು ಒಂದೇ ಮಾತು: "ಚಿಲ್ಲರೆ ಇಲ್ಲ." ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟು ಮುಂದೆ ಹೋಗುತ್ತಿದ್ದ. ಅಂಗಡಿಯವನು ಒಂದು ರೂಪಾಯಿ ಬದಲು ಪೆಪ್ಪರಮೆಂಟು ಕೈಗಿಡುತ್ತಿದ್ದ.

ಅಂಬುಜಮ್ಮನ ಹೋಟೆಲಿನಲ್ಲಿ ಮಾತ್ರ ಚಿಲ್ಲರೆಗೆ ಬರವಿರಲಿಲ್ಲ. ಅವಳೂ ಗಂಡ ಬೋರಲಿಂಗಯ್ಯನೂ ಮಾಗಡಿ ಕಡೆಯ ಕಲ್ಯದವರು. ಹೊಲವನ್ನು ಮೈದುನನಿಗೆ ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು, ಇಲ್ಲಿ ಒಂದು ಫ್ಯಾಕ್ಟರಿಯ ಗೇಟಿನ ಎದುರು ತಗಡಿನ ಶೀಟು ಹೊದಿಸಿದ ಹೋಟೆಲು ಇಟ್ಟಿದ್ದರು. ಒಲೆ ಅವನದು, ಗಲ್ಲಾ ಅವಳದು. ಶಿಫ್ಟಿಗೆ ಬರುವವರು ಇಡ್ಲಿ ತಿಂದು ಕೊಡುತ್ತಿದ್ದುದೆಲ್ಲ ನಾಣ್ಯವೇ. ಸಂಜೆಗೆ ಗಲ್ಲಾದ ಡಬ್ಬಿಯನ್ನು ಒಂದು ಕೈಯಲ್ಲಿ ಎತ್ತಲು ಆಗುತ್ತಿರಲಿಲ್ಲ.

ಒಂದು ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮನುಷ್ಯ ಬಂದು ತಿಂಡಿ ತಿಂದ. ಹೆಸರು ಮನೋಹರ್ ಅಂದ. ಅಂಬುಜಮ್ಮ ಎಣಿಸುತ್ತಿದ್ದ ಚಿಲ್ಲರೆಯಲ್ಲಿ ಎರಡು ರೂಪಾಯಿಯ ಒಂದು ನಾಣ್ಯವನ್ನು ಎತ್ತಿಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದವನು ಹುಬ್ಬು ಏರಿಸಿಬಿಟ್ಟ.

"ಅಮ್ಮಾ, ಇದರ ಬೆಲೆ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಎರಡು ರೂಪಾಯಿ."

"ಒಂದೂವರೆ ಲಕ್ಷ."

ಒಲೆಯ ಮುಂದಿದ್ದ ಬೋರಲಿಂಗಯ್ಯ ಸೌಟು ಹಿಡಿದುಕೊಂಡೇ ಓಡಿಬಂದ. ಮನೋಹರ್ ನಾಣ್ಯವನ್ನು ತೋರಿಸಿದ. ಒಂದು ಕಡೆ ಭಾರತದ ನಕ್ಷೆ, ಅದರ ಕೆಳಗೆ ಇಸವಿ, ಇಸವಿಯ ಕೆಳಗೆ ಸಾಸಿವೆಯಷ್ಟು ಪುಟ್ಟ ನಕ್ಷತ್ರ. "ಈ ನಕ್ಷತ್ರ ಇರೋದು ಲಕ್ಷಕ್ಕೊಂದು. ಬೊಂಬಾಯಿಯಲ್ಲಿ ನಮ್ಮ ಕಂಪನಿ ಕೊಂಡುಕೊಳ್ಳುತ್ತೆ. ನೀವು ಎಂಟು ಸಾವಿರ ರಿಜಿಸ್ಟ್ರೇಷನ್ ಫೀಸು ಕಟ್ಟಿದರೆ ಸಾಕು, ವಾರದಲ್ಲಿ ಚೆಕ್ಕು ಬರುತ್ತೆ. ಯಾರಿಗೂ ಹೇಳಬೇಡಿ, ಕಳ್ಳಕಾಕರ ಕಾಟ." ಗುರುವಾರ ಬರುತ್ತೇನೆ ಅಂತ ಹೇಳಿ, ಅವಸರದಲ್ಲಿ ತಿಂಡಿಯ ದುಡ್ಡನ್ನೂ ಕೊಡದೆ ಹೊರಟ.

ಬೋರಲಿಂಗಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಿನ್ ವಾಲೆ ಒಸಿ ಅಡ ಮಡುಗ್ಮಾ ಕಣಮ್ಮಿ. ವಾರ ಕಳೀಲಿ, ಅಂಥವು ನಾಕು ಜೊತೆ ತಕ್ಕೊಡ್ತೀನಿ."

"ಅಲ್ಲಾ, ಮಾರೋಳು ನಾನು. ದುಡ್ಡು ಕೊಡ್ಬೇಕಾದೋನು ಅವ್ನು. ನಾನ್ಯಾಕೆ ಕೊಡ್ಲಿ?"

"ಅದು ಕಂಪ್ನಿ ರೂಲ್ಸು. ನಿಂಗೆ ಗೊತ್ತಾಗಾಕಿಲ್ಲ."

"ಇಡ್ಲಿ ಮಾರೋ ನಂಗೆ ಅಷ್ಟೂ ಗೊತ್ತಾಗಾಕಿಲ್ವಾ?" ಅಂದಳು ಅಂಬುಜಮ್ಮ. ಬಾಯಲ್ಲಿ ಹಾಗೆ ಅಂದರೂ ಲಕ್ಷ ಎಂಬ ಮಾತು ಅವಳ ಕಿವಿಯೊಳಗೂ ಗುಂಯ್‌ಗುಡುತ್ತಲೇ ಇತ್ತು. ಅಷ್ಟು ದುಡ್ಡು ಬಂದರೆ ತಗಡಿನ ಶೀಟು ಹೋಗಿ ಮೇಲೆ ಆರ್‌ಸಿಸಿ ಬೀಳುತ್ತಿತ್ತು.

ಮಾರನೆಯ ಬೆಳಗ್ಗೆ ಎಂದಿನಂತೆ ದಿಲ್ಶಾದ್ ಮೇಡಂ ಟೀ ಕುಡಿಯಲು ಬಂದರು. ಅವರು ಬಿಡದಿಯ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು, ರಾಮನಗರದಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಅವರ ತಂದೆ ಶರೀಫ್ ಸಾಹೇಬರು ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ ಇಟ್ಟಿದ್ದರು. ಗಿರಾಕಿಗಳಿಂದ ಬಂದ ತರಹೇವಾರಿ ನಾಣ್ಯಗಳನ್ನು ಕೂಡಿಡುವ ಹುಚ್ಚು ಅಪ್ಪನಿಂದ ಮಗಳಿಗೂ ಹತ್ತಿತ್ತು. ಇದು ಅಂಬುಜಮ್ಮನಿಗೆ ಗೊತ್ತಿತ್ತು. ಯಾರಿಗೂ ಹೇಳಬೇಡಿ ಅಂದಿದ್ದನ್ನು ಪಕ್ಕಕ್ಕಿಟ್ಟು, ನಡೆದದ್ದನ್ನೆಲ್ಲ ಹೇಳಿ ನಾಣ್ಯವನ್ನು ಟೀ ಲೋಟದ ಪಕ್ಕದಲ್ಲೇ ಇಟ್ಟಳು.

ದಿಲ್ಶಾದ್ ನೋಡಿ ನಕ್ಕರು. "ಅಂಬುಜಮ್ಮ, ಇದು ಎರಡೇ ರೂಪಾಯಿ."

"ನಕ್ಷತ್ರ ಐತಲ್ಲ ಮೇಡಂ!" ಬೋರಲಿಂಗಯ್ಯ ತಡೆಯಲಾರದೆ ಕೇಳಿದ.

"ಇದೆ. ಅದು ಟಂಕಸಾಲೆಯ ಗುರುತು, ಬೋರಲಿಂಗಯ್ಯ. ನಮ್ಮ ದೇಶದಲ್ಲಿ ನಾಣ್ಯ ಒತ್ತೋದು ನಾಲ್ಕು ಊರಲ್ಲಿ. ಹೈದರಾಬಾದಿನದಕ್ಕೆ ನಕ್ಷತ್ರ, ಮುಂಬೈದಕ್ಕೆ ವಜ್ರದಾಕಾರ, ನೋಯ್ಡಾದ್ದಕ್ಕೆ ಒಂದು ಚುಕ್ಕಿ. ಕಲ್ಕತ್ತದ್ದಕ್ಕೆ ಏನೂ ಇರಲ್ಲ. ಬೇಕಾದರೆ ನಿಮ್ಮ ಡಬ್ಬೀನೇ ಸುರಿದು ನೋಡಿ."

ಅಂಬುಜಮ್ಮ ಡಬ್ಬಿಯನ್ನು ಟೇಬಲ್ಲಿನ ಮೇಲೆ ಬಗ್ಗಿಸಿದಳು. ಪಕ್ಕದಲ್ಲೇ ಹೂವು ಕಟ್ಟಿ ಮಾರುವ ಗಂಗಲಕ್ಷ್ಮಮ್ಮ ಸದ್ದು ಕೇಳಿ ಎದ್ದು ಬಂದಳು. ಹುಡುಕಿದ್ದೇ ತಡ, ನಕ್ಷತ್ರದ ನಾಣ್ಯಗಳು ಒಂದು ಹಿಡಿ ತುಂಬ ಸಿಕ್ಕವು.

"ಇಷ್ಟೂ ಲಕ್ಷ ಲಕ್ಷ ಬಾಳೋದಾದ್ರೆ ನಾವ್ಯಾಕೆ ಈ ಹೊಗೇಲಿ ಸಾಯ್ತಿದ್ವಿ?" ಅಂದಳು ಅಂಬುಜಮ್ಮ. ಬೋರಲಿಂಗಯ್ಯ ಸೌಟಿನಿಂದ ತಲೆ ಕೆರೆದುಕೊಂಡ.

ಗಂಗಲಕ್ಷ್ಮಮ್ಮ ಮಾತ್ರ ನಗಲಿಲ್ಲ. ಮುಖ ಬಿಳಿಚಿಕೊಂಡು ಬೆಂಚಿನ ಮೇಲೆ ಕುಸಿದಳು.

"ನಾನು ಕಟ್ಬುಟ್ಟೆ ಕಣವ್ವಾ," ಅಂದಳು. "ಹೋದ ವಾರನೇ ಕಟ್ಬುಟ್ಟೆ. ವಾಲೆ ಅಡ ಇಟ್ಟು ಕೊಟ್ಟೆ. ಯಾರ್ಗೂ ಹೇಳ್ಬೇಡ ಅಂದಿದ್ದ. ಮಗಳ್ಗೂ ಹೇಳಿಲ್ಲ."

ಹೌದು, ಅವಳ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು. ದಿನಾ ಎದುರಿಗೆ ಕೂರುತ್ತಿದ್ದರೂ ಅಂಬುಜಮ್ಮ ಅದನ್ನು ಗಮನಿಸಿರಲಿಲ್ಲ. ಅವಳ ಕೈ ತನ್ನ ಕಿವಿಗೆ ಹೋಯಿತು. ತನ್ನ ವಾಲೆಯೂ ಗುರುವಾರ ಅಲ್ಲಿಗೇ ಹೋಗುವುದರಲ್ಲಿತ್ತು!

"ಅಳಬೇಡಿ ಗಂಗಲಕ್ಷ್ಮಮ್ಮ," ದಿಲ್ಶಾದ್ ಅವಳ ಭುಜ ಹಿಡಿದರು. "ನಾಚಿಕೆ ಪಡಬೇಕಾದವನು ಅವನು, ನೀವಲ್ಲ. ಸ್ಕೂಲು ಬಿಟ್ಟ ಮೇಲೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟು ಕೊಡೋಣ. ಗುರುವಾರ ಬರ್ತೀನಿ ಅಂದಿದ್ದಾನಲ್ಲ, ಬರಲಿ."

ಅಂಬುಜಮ್ಮ ನಾಣ್ಯಗಳನ್ನು ಮತ್ತೆ ಡಬ್ಬಿಗೆ ತುಂಬತೊಡಗಿದಳು. ನಡುವೆ ಒಂದನ್ನು ಬೇರೆ ಮಾಡಿ ಬದಿಗೆ ಸರಿಸಿದಳು. "ಇದೊಂದು ಖೋಟಾ. ಒಂದು ರೂಪಾಯಿ ಸೈಜೇ ಐತೆ, ಒಂದು ಅಂತ ಮಾತ್ರ ಬರ್ದಿಲ್ಲ. ಯಾರ್ಗೆ ಕೊಟ್ರೂ ವಾಪಸ್ ಕೊಡ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಅಕ್ಷರ ಕಾಣ್ತದೇನೋ ನೋಡ್ಮಾ" ಎಂದು ಪಾತ್ರೆ ತೊಳೆಯುವ ಕಡೆ ಕೈ ಚಾಚಿದಳು.

"ತಿಕ್ಕಬೇಡಿ!" ದಿಲ್ಶಾದ್ ಕೂಗಿದ ಜೋರಿಗೆ ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅವರು ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ಬೆಳಕಿಗೆ ಒಡ್ಡಿದರು. ಒಂದು ಕಡೆ ಸಿಂಹದ ಲಾಂಛನ ಎಂದಿನಂತೆ ಉಬ್ಬಿತ್ತು. ಇನ್ನೊಂದು ಕಡೆ ಒಂದು ಎಂಬ ಅಂಕಿಯೂ ಇಲ್ಲ, ತೆನೆಗಳೂ ಇಲ್ಲ. ಅಲ್ಲಿಯೂ ಸಿಂಹವೇ. ಆದರೆ ಅದು ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿತ್ತು.

"ಅಂಬುಜಮ್ಮ, ಇದು ಖೋಟಾ ಅಲ್ಲ ಅನಿಸುತ್ತೆ. ಟಂಕಸಾಲೆಯ ತಪ್ಪು. ನಾಣ್ಯ ಒತ್ತೋವಾಗ ಒಂದೊಂದು ಸಲ ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡುಬಿಡುತ್ತೆ. ಆಮೇಲೆ ಬಂದ ಬಿಲ್ಲೆಗೆ ಅಚ್ಚಿನ ಬದಲು ಆ ನಾಣ್ಯದ ಮುಖ ಒತ್ತುತ್ತೆ. ಅದಕ್ಕೇ ಇದು ತಿರುಗುಮುರುಗು. ಇಂಥದನ್ನು ಕೂಡಿಡೋರು ಹುಡುಕಿಕೊಂಡು ಬರ್ತಾರೆ. ತಿಕ್ಕಿದರೆ ಮೇಲಿನ ಸಹಜ ಹೊಳಪು ಹೋಗಿ ಬೆಲೆ ಬಿದ್ದುಹೋಗುತ್ತೆ."

ಒಮ್ಮೆ ಬೇಸ್ತು ಬಿದ್ದ ಬೋರಲಿಂಗಯ್ಯ ಈ ಸಲ ಸುಲಭಕ್ಕೆ ನಂಬಲಿಲ್ಲ. "ಬುಡಿ ಮೇಡಂ, ಈ ಫ್ಯಾಕ್ಟ್ರಿ ಐಕಳೇ ಎರಡು ನಾಣ್ಯ ಸೇರ್ಸಿ ಪ್ರೆಸ್ಸಲ್ಲಿ ಒತ್ತವ್ರೆ. ತಮಾಷೆಗೆ."

"ಒಳ್ಳೇ ಅನುಮಾನವೇ. ಹಾಗೂ ಮಾಡೋರಿದ್ದಾರೆ. ಆದರೆ ಹಾಗೆ ಒತ್ತಿದರೆ ಇನ್ನೊಂದು ಕಡೆಯ ಚಿತ್ರ ಜಜ್ಜಿ ಚಪ್ಪಟೆಯಾಗುತ್ತೆ. ಇಲ್ಲಿ ನೋಡಿ, ಈ ಕಡೆ ಸಿಂಹದ ಕೂದಲೂ ಚೊಕ್ಕವಾಗಿದೆ. ತೂಕಾನೂ ನೋಡಿಬಿಡೋಣ."

ಸಂಜೆ ಸ್ಟೇಷನ್ನಿಗೆ ಹೋಗಿ ಬರುವ ದಾರಿಯಲ್ಲಿ ಒಬ್ಬ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿದಾಗ ಬೇರೆ ಒಂದು ರೂಪಾಯಿಯಷ್ಟೇ ತೂಗಿತು. ಆಯಸ್ಕಾಂತಕ್ಕೂ ಹಾಗೇ ಅಂಟಿತು. ದಿಲ್ಶಾದ್ ಅದನ್ನು ಒಂದು ಕಾಗದದಲ್ಲಿ ಸುತ್ತಿ ಅಂಬುಜಮ್ಮನ ಕೈಗೇ ಕೊಟ್ಟರು. "ನಾನು ಹೇಳಿದ್ದೂ ಕೊನೆಯ ಮಾತಲ್ಲ. ಭಾನುವಾರ ಬೆಂಗಳೂರಲ್ಲಿ ನಾಣ್ಯದ ಪ್ರದರ್ಶನ ಇದೆ. ನಾಲ್ಕು ಜನಕ್ಕೆ ತೋರಿಸೋಣ."

ಗುರುವಾರ ಮನೋಹರ್ ಬಂದ. ಗಂಗಲಕ್ಷ್ಮಮ್ಮನ ಕಂಪ್ಲೇಂಟಿನ ಮೇಲೆ ಬಂದಿದ್ದ ಪೊಲೀಸಿನವರು ಮಾಮೂಲಿ ಬಟ್ಟೆಯಲ್ಲಿ ಮೂಲೆಯ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದರು. ಅಂಬುಜಮ್ಮ ಗಲ್ಲಾದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಫೀಸು ರೆಡೀನಾ ಅಮ್ಮಾ?"

"ರೆಡಿ ಐತಪ್ಪಾ. ಒಂದೂವರೆ ಲಕ್ಷ ಕೊಡ್ತೀನಿ ಅಂದ್ಯಲ್ಲ, ಅದ್ರಲ್ಲೇ ಎಂಟು ಸಾವಿರ ಹಿಡ್ಕೊಂಡು ಮಿಕ್ಕಿದ್ದು ಕೊಡು."

"ಹಾಗೆ ಬರಲ್ಲ ಅಮ್ಮ, ಕಂಪನಿ ರೂಲ್ಸು..."

"ಹೋಗ್ಲಿ, ಲಕ್ಷ ಬ್ಯಾಡ. ಹತ್ತೇ ಸಾವಿರ ಕೊಟ್ಟು ನಾಣ್ಯ ನೀನೇ ತಕ್ಕೋ. ಮಿಕ್ಕಿದ್ದೆಲ್ಲ ನಿಂಗೇ ಲಾಭ." ಅವಳು ನಕ್ಷತ್ರದ ನಾಣ್ಯಗಳನ್ನು ಅವನ ಮುಂದೆ ಹರಡಿದಳು. "ಒಂದಲ್ಲ, ಇಷ್ಟವೆ. ಯಾವ್ದು ಬೇಕು ಆರಿಸ್ಕೋ."

ಹೋಟೆಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಮನೋಹರ್ ಬ್ಯಾಗು ಎತ್ತಿಕೊಂಡು ಬಾಗಿಲಿಗೆ ತಿರುಗಿದ. ಅಲ್ಲಿ ಗಂಗಲಕ್ಷ್ಮಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಇವ್ನೇ ಸಾ, ಇವ್ನೇ!" ಮೂಲೆಯ ಬೆಂಚಿನವರು ಎದ್ದು ಬಂದು ಅವನ ತೋಳು ಹಿಡಿದರು.

ಅವನ ಬ್ಯಾಗಿನಲ್ಲಿ ತಿಪ್ಪಸಂದ್ರ, ಮಾಗಡಿ, ಕನಕಪುರದ ಕಡೆಯ ಹೆಂಗಸರ ಹೆಸರು ಬರೆದ ರಸೀದಿಗಳೂ ಇದ್ದವು. ಗಂಗಲಕ್ಷ್ಮಮ್ಮ ಕಟ್ಟಿದ್ದ ದುಡ್ಡು ಪೂರ್ತಿ ಸಿಗಲಿಲ್ಲ. ಸಿಕ್ಕಿದ್ದು ಕೋರ್ಟಿನ ಮೂಲಕ ಕೈಗೆ ಬರಲು ಕೆಲವು ತಿಂಗಳೇ ಹಿಡಿಯಿತು. ಅಷ್ಟಾದರೂ ಬಂತು. ಗಂಗಲಕ್ಷ್ಮಮ್ಮ ವಾಲೆ ಬಿಡಿಸಿಕೊಂಡ ದಿನ ಹೋಟೆಲಿನವರಿಗೆಲ್ಲ ಒಂದೊಂದು ಮೊಳ ಹೂವು ಕೊಟ್ಟಳು, ಬೋರಲಿಂಗಯ್ಯನಿಗೂ ಸಹ.

ಮನೋಹರ್ ಸಿಕ್ಕಿಬಿದ್ದ ವಾರದ ಭಾನುವಾರವೇ ಗಂಡ ಹೆಂಡತಿ, ದಿಲ್ಶಾದ್ ಮೂವರೂ ಪ್ರದರ್ಶನಕ್ಕೆ ಹೋದರು. ಮೊದಲನೆಯ ವ್ಯಾಪಾರಿ ನಾಣ್ಯ ನೋಡಿ ಇನ್ನೂರು ಅಂದ. ಬೋರಲಿಂಗಯ್ಯ ಕೊಟ್ಟೇಬಿಡುತ್ತಿದ್ದ, ಅಂಬುಜಮ್ಮ ಅಂಗಿ ಹಿಡಿದು ಜಗ್ಗಿದಳು. ಎರಡನೆಯವನು ಐನೂರು ಅಂದ. ಮೂರನೆಯ ಮುದುಕಪ್ಪ ಬಹಳ ಹೊತ್ತು ನೋಡಿ, "ಅಸಲಿ ಇದೆ, ತಿಕ್ಕಿಲ್ಲ, ಅದೇ ಪುಣ್ಯ" ಎಂದು ಒಂಬೈನೂರು ಕೊಟ್ಟ. ಒಂದು ಪೈಸೆ ಫೀಸು ಕೇಳಲಿಲ್ಲ. ಬಿಲ್ಲನ್ನೂ ಬರೆದುಕೊಟ್ಟ.

"ಲಕ್ಷ ಅಂದ್ಕಂಡಿದ್ದು ಸಾವ್ರಾನೂ ಆಗ್ನಿಲ್ವಲ್ಲಮ್ಮಿ," ಅಂದ ಬೋರಲಿಂಗಯ್ಯ, ಬಸ್ಸಿನಲ್ಲಿ.

"ಒಂದು ರೂಪಾಯಿ ಒಂಬೈನೂರು ಆಯ್ತಲ್ಲ, ಅದ ನೋಡಿ," ಅಂದಳು ಅಂಬುಜಮ್ಮ.

ಅವನು ಕಂಡಕ್ಟರು ಹೇಗೋ ಹೊಂದಿಸಿ ಕೊಟ್ಟ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿಕೊಂಡು, ಒಂದೊಂದನ್ನೇ ತಿರುಗಿಸಿ ನೋಡತೊಡಗಿದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೈಗೂ ದಿನಾ ಚಿಲ್ಲರೆ ಬರುತ್ತದೆ. ಡಬ್ಬಿಗೆ ಹಾಕುವ ಮುಂಚೆ ಒಂದು ಗಳಿಗೆ ನೋಡಿ. ಪುಸ್ತಕದ ಹಾಳೆ ಮಗುಚುವ ಹಾಗೆ ನಾಣ್ಯವನ್ನು ಪಕ್ಕಕ್ಕೆ ತಿರುಗಿಸಿ. ಹಿಂಬದಿಯ ಚಿತ್ರ ನೆಟ್ಟಗೆ ನಿಲ್ಲಬೇಕು. ತಲೆಕೆಳಗಾಗಿದ್ದರೆ, ಚಿತ್ರ ಒಂದು ಬದಿಗೆ ಸರಿದು ಅಂಚು ಬೋಳಾಗಿದ್ದರೆ, ಒಂದು ಕಡೆಯ ಮುದ್ರೆ ತಗ್ಗಾಗಿ ತಿರುಗುಮುರುಗಾಗಿದ್ದರೆ ಅದನ್ನು ಬೇರೆ ಎತ್ತಿಡಿ. ತಿಕ್ಕಬೇಡಿ, ತೊಳೆಯಬೇಡಿ. ತಿಳಿದವರಲ್ಲಿ ಒಬ್ಬರಿಗಲ್ಲ, ಮೂರು ನಾಲ್ಕು ಜನಕ್ಕೆ ತೋರಿಸಿ ಬೆಲೆ ಕೇಳಿ. ಬರೀ ನಕ್ಷತ್ರ, ಚುಕ್ಕಿ ಕಂಡು ಲಕ್ಷದ ಕನಸು ಕಾಣಬೇಡಿ. ಯಾರಾದರೂ ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇನೆ, ಮೊದಲು ಫೀಸು ಕಟ್ಟಿ, ಯಾರಿಗೂ ಹೇಳಬೇಡಿ ಅಂದರೆ, ಆ ಕ್ಷಣವೇ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿ, ಪೊಲೀಸರಿಗೂ ತಿಳಿಸಿ. ನಿಜವಾಗಿ ಕೊಳ್ಳಲು ಬಂದವನು ತನ್ನ ಜೇಬಿಗೆ ಕೈ ಹಾಕುತ್ತಾನೆ, ನಿಮ್ಮ ಜೇಬಿಗಲ್ಲ!