ಸಿಡಿಯುವ ತಕಾರ

ಕತ್ತಿನ ಮೇಲೆ ಕತ್ತಿ ಬೀಳುವ ಹೊತ್ತಿನಲ್ಲಿ ನಾನು ಬಾಯಿ ಮುಚ್ಚದೆ ಮಾತಾಡುತ್ತಿರಬೇಕಂತೆ. ಅದು ಡಾಕ್ಟರ್ ಸಲ್ದೀವಾರ್ ಅವರ ಅಪ್ಪಣೆ. ಗಂಟಲಿನ ಗಂಟು ಊದಿ ಉಸಿರಿನ ದಾರಿಯನ್ನೇ ಒತ್ತುತ್ತಿತ್ತು; ತೆಗೆಯದೆ ವಿಧಿಯಿರಲಿಲ್ಲ. ಪೂರ್ತಿ ಮಂಪರು ಕೊಟ್ಟರೆ ನನ್ನ ಹೃದಯ ತಾಳುವುದಿಲ್ಲವೆಂದು ಕುತ್ತಿಗೆಗಷ್ಟೇ ಮರಗಟ್ಟುವ ಸೂಜಿ ಚುಚ್ಚಿದ್ದರು.

“ಧ್ವನಿಯ ನರ ಗಂಟಿಗೇ ಅಂಟ್ಕೊಂಡಿದೆ, ಹಸಿಂತಾ ಅಮ್ಮಾ. ನೀವು ಮಾತಾಡ್ತಾ ಇದ್ರೆ ನಂಗೆ ಗೊತ್ತಾಗುತ್ತೆ. ಸ್ವರ ಒಡೀತು ಅಂದ್ರೆ ಕೈ ನಿಲ್ಲಿಸ್ತೀನಿ.”

“ನರಕ್ಕೆ ಪೆಟ್ಟಾದ್ರೆ?”

“ಮಾತು ಉಳಿಯುತ್ತೆ. ಸ್ವಲ್ಪ ಗಾಳಿ ಸೋರುತ್ತೆ, ಅಷ್ಟೇ.”

ಅಷ್ಟೇ! ರಾಜಧಾನಿ ಲೀಮಾದಿಂದ ಬಂದ ಈ ಡಾಕ್ಟರಿಗೆ ಅದು ಅಷ್ಟೇ. ನಾನು ನಮ್ಮೂರು ಒರೊಪೇಸದ ರಸ್ತೆಯಲ್ಲಿ ಬಸ್ಸಿನ ಕಿಟಕಿಗಳಿಗೆ ರೊಟ್ಟಿ ಎತ್ತಿ ಹಿಡಿದು ಕೂಗಿ ಬದುಕುವವಳು. ನಮ್ಮ ಕೆಚುವಾ ಭಾಷೆಯಲ್ಲಿ ರೊಟ್ಟಿಗಿರುವ ಪದವೇ ‘ತ್’ಅಂತ’. ಅದರ ಮೊದಲ ತಕಾರಕ್ಕೆ ಎದೆಯ ಉಸಿರು ಬೇಡ. ಗಂಟಲ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡು, ಒಳಗೆ ಸಿಕ್ಕಿಬಿದ್ದ ಹಿಡಿಗಾಳಿಯನ್ನು ಗಂಟಲೇ ಮೇಲಕ್ಕೆ ನೂಕಬೇಕು. ನಾಲಿಗೆ ಬಿಟ್ಟೊಡನೆ ಅದು ಬಾಣಲೆಯ ಜೋಳದಂತೆ ಪಟ್ಟನೆ ಸಿಡಿಯಬೇಕು. ಬಾಗಿಲು ಸೋರಿದರೆ ಸಿಡಿತವಿಲ್ಲ. ನಮ್ಮ ಬೈಗುಳದಲ್ಲೂ ಮುದ್ದಿನಲ್ಲೂ ಇಂಥ ಸಿಡಿತಗಳೇ. ಅವು ಹೋದರೆ ನನ್ನ ಮನೆಯಲ್ಲೇ ನಾನು ಪರದೇಶಿ.

ನಾದಿನಿ ಬೆನಿಗ್ನಾ ಆಪರೇಷನ್ ಕೋಣೆಯ ಬಾಗಿಲವರೆಗೂ ಬಂದಿದ್ದಳು. “ಧ್ವನಿ ಹೋದ್ರೆ ಹೋಗ್ಲಿ ಬಿಡು ಅತ್ತಿಗೆ, ನಮ್ಮಣ್ಣನ ಕಿವಿ ಒಂದಷ್ಟು ತಂಪಾಗುತ್ತೆ,” ಎಂದು ನಕ್ಕಳು. ನನ್ನ ಕೈ ಮಾತ್ರ ಬಿಡಲಿಲ್ಲ. ನರ್ಸಮ್ಮ ಬಂದು ಬಿಡಿಸಬೇಕಾಯಿತು.

“ಶುರು ಮಾಡ್ತೀನಿ,” ಎಂದರು ಡಾಕ್ಟರು. “ದಿನಾ ಏನ್ ಮಾತಾಡ್ತೀರೋ ಅದನ್ನೇ ಮಾತಾಡಿ.”

ದಿನಾ ನಾನು ಮಾತಾಡುವುದು ಒಂದೇ. ಕಣ್ಣು ಮುಚ್ಚಿ, ಬಸ್ಸು ಬಂತೆಂದುಕೊಂಡು ಕೂಗಿದೆ: “ತ್’ಅಂತ! ಬಿಸಿ ತ್’ಅಂತ!”

“ಅಯ್ಯೋ, ಅಲ್ಲಾಡ್ಬೇಡಿ!”

“ನಾನೆಲ್ಲಿ ಅಲ್ಲಾಡ್ದೆ? ರೊಟ್ಟಿ ಮಾರ್ತಿದೀನಿ!”

“ಧ್ವನಿಪೆಟ್ಟಿಗೆ ಕಪ್ಪೆ ಥರ ಮೇಲಕ್ಕೆ ಜಿಗೀತಿದೆ ಅಮ್ಮಾ! ಚಾಕು ನರದ ಪಕ್ಕದಲ್ಲೇ ಇತ್ತು!”

ಡಾಕ್ಟರ ಹಣೆಯ ಬೆವರನ್ನು ನರ್ಸಮ್ಮ ಒರೆಸಿದಳು. ನನ್ನ ಬೆವರು ಕಿವಿಯೊಳಕ್ಕೆ ಇಳಿಯಿತು. ನನ್ನ ಗಂಟಲು ಉಳಿಯಲೆಂದು ನಾನು ಕೂಗಿದ ಕೂಗೇ ಅದನ್ನು ಚಾಕುವಿನ ಬಾಯಿಗೆ ಕೊಡುತ್ತಿತ್ತು.

ಆಮೇಲೆ ಡಾಕ್ಟರ ಭಾಷೆಯಾದ ಸ್ಪ್ಯಾನಿಷ್‌ನಲ್ಲಿ ಮಾತಾಡಿದೆ. ಮೈದಾ, ಯೀಸ್ಟು, ನಾದಿನಿಯ ಮೂಗು, ಬಾಯಿಗೆ ಬಂದದ್ದೆಲ್ಲ. ಗಂಟಲು ಜಿಗಿಯಲಿಲ್ಲ.

“ಸ್ವರ ಚೆನ್ನಾಗಿದೆ,” ಎಂದರು ಡಾಕ್ಟರು.

ಆದರೆ ಸ್ಪ್ಯಾನಿಷ್‌ಗೆ ಆ ಬಾಗಿಲೇ ಬೇಡ. ಅದು ಸೋರಿದರೂ ಇವರಿಗೆ ತಿಳಿಯುವುದು ಹೇಗೆ?

“ಡಾಕ್ಟ್ರೇ, ಚಾಕು ಮೇಲೆತ್ತಿ. ಒಂದ್ಸಲ ಕೂಗಿ ನೋಡ್ತೀನಿ.”

“ಎತ್ತಿದೀನಿ.”

“ತ್’ಅಂತ!” ಸಿಡಿಯಿತು.

“ಸರಿ, ಇಳಿಸ್ತೀನಿ. ಗಪ್‌ಚಿಪ್!”

ಹಾಗೇ ಸಾಗಿತು. ಚಾಕು ಎತ್ತಿದರೆ ರೊಟ್ಟಿ, ಇಳಿಸಿದರೆ ಮೌನ. ಪ್ರತಿ ಮೌನದಲ್ಲೂ ಮುಂದಿನ ರೊಟ್ಟಿ ಸಿಡಿಯಲಿಕ್ಕಿಲ್ಲವೆಂದು ಹೆದರಿದೆ.

“ಕೊನೇ ಚೂರು. ನರಕ್ಕೇ ಕಚ್ಕೊಂಡಿದೆ. ಮೆಲ್ಲಗೆ ಎಳೀತೀನಿ.”

ಏನೋ ಕಿವಿಯ ಬುಡದವರೆಗೆ ಜಗ್ಗಿತು.

“ಈಗ ಕೂಗಿ.”

ಕೂಗಲಿಲ್ಲ. ಕೂಗದಿರುವ ತನಕ ಏನೂ ಹೋಗಿರುವುದಿಲ್ಲ, ಅಲ್ಲವೇ?

“ಅಮ್ಮಾ, ಕೂಗಿ!”

ತಕಾರ ಬೇಕಿದ್ದಲ್ಲಿ ಥಕಾರ ಬಂತು. ಪಾತ್ರೆಯ ಮುಚ್ಚಳದಡಿಯ ಹಬೆಯಂತೆ ಗಾಳಿ ಸುಮ್ಮನೆ ಸೋರಿಹೋಯಿತು.

“ಸ್ವರ ಇದೆಯಲ್ಲಾ,” ಎಂದಳು ನರ್ಸಮ್ಮ.

“ಸ್ವರ ಇದೆ, ಸಿಡಿತ ಇಲ್ಲ!” ನನ್ನ ಕಣ್ಣೀರೂ ಸೋರುತ್ತಿತ್ತು.

ಡಾಕ್ಟರು ಎಳೆಯುತ್ತಿದ್ದುದನ್ನು ಸಡಿಲಿಸಿ ಕೈ ಹಿಂದಕ್ಕೆ ತೆಗೆದುಕೊಂಡರು. ಎಲ್ಲರೂ ನನ್ನ ತೆರೆದ ಗಂಟಲನ್ನೇ ನೋಡುತ್ತ ನಿಂತರು. ಪ್ರಯತ್ನಿಸಿದೆ. ಗಾಳಿ. ಮತ್ತೆ ಗಾಳಿ. ಬಹಳ ಹೊತ್ತಿನ ಮೇಲೆ, ತೇವದ ಜೋಳ ಒಡೆದಂತೆ, ಒಂದು ಪುಟ್ಟ ಸದ್ದು.

“ಬಂತಾ?”

“ಅರ್ಧ.”

“ಹಾಗಾದ್ರೆ ಆ ಚೂರು ಅಲ್ಲೇ ಇರ್ಲಿ. ಮತ್ತೆ ಬೆಳೀಬಹುದು, ಮತ್ತೆ ಕೊಯ್ಬೇಕಾಗ್ಬಹುದು. ಒಪ್ಪಿಗೆನಾ?”

“ಬೆಳೀಲಿ. ಹೊಲೀರಿ.”

ಹೊಲಿಯುವಾಗ ತುಟಿ ಬಿಚ್ಚಬೇಡಿ ಎಂದರು. ಬಿಚ್ಚಲಿಲ್ಲ. ಒಳಗೇ ಬಾಗಿಲು ಹಾಕಿ, ಮೆಲ್ಲಗೆ ಮೇಲಕ್ಕೆ ನೂಕಿ ನೋಡಿದೆ. ಸೂಜಿ ಗಕ್ಕನೆ ನಿಂತಿತು.

“ಅಮ್ಮಾ!” ಡಾಕ್ಟರು ಗದರಿದರು. “ಕಪ್ಪೆ ಮತ್ತೆ ಜಿಗೀತು!”