ಮಡಚದ ಕಾಲು

“ಇನ್ನೊಂಚೂರು ಭಾರ ಹಾಕು ಕೆಂಪಯ್ಯ” ಎಂದರು ಸೋಮಶೇಖರಪ್ಪ.

ಕೆಂಪಯ್ಯ ಚಾಪೆಯ ಮೇಲಿದ್ದವನ ಬಲಮಂಡಿಯ ಹಿಂದೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಿಂದ ಹಿಮ್ಮಡಿಯನ್ನು ಒತ್ತಿದ. ಮಂಡಿ ಬಗ್ಗಲಿಲ್ಲ. ಒತ್ತಿದ ರಭಸಕ್ಕೆ ಇಡೀ ದೇಹ ಚಾಪೆಯ ಮೇಲೆ ಒಂದು ಗೇಣು ಹಿಂದೆ ಜರುಗಿತು. ಕೆಂಪಯ್ಯ ಕೈ ಬಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ.

“ಆಗಲ್ಲ ಸಾವ್ಕಾರ್ರೆ. ಬದುಕಿದ್ದಾಗ ಬಗ್ಗದೋನು ಈಗ ಬಗ್ತಾನಾ?”

ತೀರಿಹೋದವನು ರೇಣುಕಪ್ರಸಾದ, ಸೋಮಶೇಖರಪ್ಪನವರ ತಮ್ಮ. ಅರವತ್ತಕ್ಕೆ ಇನ್ನೂ ಸ್ವಲ್ಪ ಬಾಕಿಯಿತ್ತು. ಬೆಳಗಿನ ಜಾವ ಎದೆನೋವೆಂದವನು ಚಿಕ್ಕಮಗಳೂರು ಮುಟ್ಟುವ ಮೊದಲೇ ಲಿಂಗೈಕ್ಯನಾಗಿದ್ದ. ಕಾರು ವಸ್ತಾರೆಯಿಂದಲೇ ತಿರುಗಿ ಆಲ್ದೂರಿನ ಹೊರಗಿರುವ ತೋಟದ ಮನೆಗೆ ಬಂದಿತ್ತು. ಕಣದಲ್ಲಿ ಒಣಗುತ್ತಿದ್ದ, ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿಯನ್ನು ಒಂದು ಮೂಲೆಗೆ ಎಳೆದು, ತೆರವಾದ ಜಾಗದಲ್ಲಿ ಚಾಪೆ ಹಾಸಿದ್ದರು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಎರಡೂ ಕಾಲು ಮಡಚಿ, ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಪೂಜೆಗೆ ಕೂತವರಂತೆ ಕೂರಿಸಿ ಮಣ್ಣಿಗೆ ಇಳಿಸುತ್ತಾರೆ. ಪ್ರಸಾದನ ಎಡಗಾಲು ಹೇಳಿದ ಮಾತು ಕೇಳಿತ್ತು. ಬಲಗಾಲು ಮಾತ್ರ ಕಣದ ನಡುವೆ ನೆಟ್ಟಗೆ ಚಾಚಿಕೊಂಡಿತ್ತು.

“ಹೊತ್ತು ಹೋದಷ್ಟೂ ಮೈ ಸೆಟೆಯುತ್ತೆ” ಎಂದು ಸೋಮಶೇಖರಪ್ಪ ಸುತ್ತ ನೋಡಿದರು. ಮುಂದಿನ ಮಾತಿಗೆ ದನಿ ತಗ್ಗಿತು. “ಮಂಡಿಗೆ ಹಾರೆ ಹಿಡಿಯಿಂದ ಒಂದು ಏಟು ಕೊಟ್ರೆ ಮುಗೀತು. ಅವನಿಗೇನು ಈಗ ನೋವಾಗುತ್ತಾ?”

“ಮುಟ್ಟಬೇಡಿ ಭಾವ.”

ಸುಪ್ರಿಯಾ ಗಂಡನ ತಲೆಯ ಬಳಿಯಿಂದ ಎದ್ದು ಬಂದಿದ್ದಳು. ಅವಳು ಆವರೆಗೂ ಅತ್ತಿರಲಿಲ್ಲ. ಈಗಲೂ ಅಳಲಿಲ್ಲ. ಚಾಚಿದ್ದ ಕಾಲಿನ ಪಕ್ಕ ಕೂತು ಮಂಡಿಯ ಮೇಲೆ ಅಂಗೈ ಇಟ್ಟಳು.

“ಒಂದ್ಸಲ ಮುರಿದಿದ್ದು ಸಾಕು ಅಂತ ಅವರೇ ಹೇಳಿದಾರೆ. ನನ್ನ ಕೂರಿಸೋಕೆ ಬಂದ್ರೆ ಬಿಡಬೇಡ ಅಂದಿದ್ರು. ನಾನು ಆಯ್ತು ಅಂದಿದೀನಿ.”

“ತಮಾಷೆಗೆ ಹೇಳಿರ್ತಾನಮ್ಮ.”

“ತಮಾಷೆಗೇ ಹೇಳಿದ್ದು. ನಾನು ತಮಾಷೆಗೆ ಆಯ್ತು ಅನ್ಲಿಲ್ಲ.”

* * *

ಆ ಕಾಲು ಊರಿಗೆ ಮೊದಲು ಗೊತ್ತಾದದ್ದು ಆಲ್ದೂರಿನ ಮೈದಾನದಲ್ಲಿ. ಜೂನ್ ಬಂತೆಂದರೆ ಅಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಉಳಿದವರು ಚೆಂಡನ್ನು ಒದ್ದರೆ ನೀರು ಹಾರುತ್ತಿತ್ತು, ಚೆಂಡು ಇದ್ದಲ್ಲೇ ಇರುತ್ತಿತ್ತು. ಪ್ರಸಾದ ಮಾತ್ರ ಪಾದವನ್ನು ಚೆಂಡಿನ ಕೆಳಗೆ ತೂರಿಸಿ, ರೊಟ್ಟಿ ಮಗುಚುವ ಹಾಗೆ ಎತ್ತಿ, ಬೇಕಾದವನ ಎದೆಗೆ ಕಳಿಸುತ್ತಿದ್ದ. ತೋಟದ ಕೂಲಿಗಳ ಲೈನ್ ಮನೆಯ ಕೆಂಪಯ್ಯ ಆ ಚೆಂಡನ್ನು ಗೋಲಿಗೆ ನುಗ್ಗಿಸಿ ಹೆಸರು ಮಾಡಿದ.

ಬೆಂಗಳೂರಿನ ಕಾರ್ಖಾನೆಯೊಂದರ ಫುಟ್ಬಾಲ್ ತಂಡ ಪ್ರಸಾದನನ್ನು ಕರೆಸಿಕೊಂಡಿತು. ಎರಡು ವರ್ಷಕ್ಕೆ ಕಲ್ಕತ್ತೆಯ ಕ್ಲಬ್ಬಿನಿಂದ ಕರೆ ಬಂತು. ಆಡುವುದೇ ಕೆಲಸ, ಅದಕ್ಕೇ ಸಂಬಳ. ಆಲ್ದೂರಿನಲ್ಲಿ ಕಾಳುಮೆಣಸು, ಏಲಕ್ಕಿ ವ್ಯಾಪಾರ ಮಾಡುತ್ತಿದ್ದ ತಂದೆಗೆ ಇದು ಅರ್ಥವಾಗಲಿಲ್ಲ. ಊರಿಗೆ ಬಂದ ಮಗನನ್ನು ಅಂಗಡಿಯ ಗಿರಾಕಿಗಳ ಎದುರೇ ಕೇಳಿದರು:

“ಅಲ್ಲಿ ಎಂತ ಮಾಡ್ತೀಯ ನೀನು?”

“ಹಾಫ್ ಅಪ್ಪಾಜಿ. ಲೆಫ್ಟ್ ಹಾಫ್.”

ತಂದೆಯ ಮುಖ ಸಪ್ಪಗಾಯಿತು. “ಪೂರ್ತಿ ಆಡೋಕೆ ಬಿಡಲ್ವಾ?”

ಮೈದಾನದ ನಡುವೆ ಆಡುವವನಿಗೆ ಹಾಗೆನ್ನುತ್ತಾರೆ, ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವುದು ಅವನ ಕೆಲಸ ಎಂದು ಪ್ರಸಾದ ಬಿಡಿಸಿ ಹೇಳಿದ. ತಂದೆ ಎಲ್ಲ ಕೇಳಿಸಿಕೊಂಡರು. ಸಂಜೆಯ ಹೊತ್ತಿಗೆ, ಮಗನಿಗೆ ಅಲ್ಲಿ ಅರ್ಧ ಆಟ ಮಾತ್ರ ಕೊಡುತ್ತಾರೆ, ಶಿವ ಮನಸ್ಸು ಮಾಡಿದರೆ ಮುಂದಿನ ವರ್ಷ ಪೂರ್ತಿ ಸಿಗಬಹುದು ಎಂದು ಸಂತೆಯವರಿಗೆಲ್ಲ ಹೇಳಿ ಮುಗಿಸಿದ್ದರು. ಬಾಳೆಹೊನ್ನೂರಿನ ಮಠಕ್ಕೆ ಹೋಗಿ ಹರಕೆಯನ್ನೂ ಹೊತ್ತು ಬಂದರು. ಅಂದಿನಿಂದ ಊರ ಬಾಯಲ್ಲಿ ಅವನು ಹಾಫ್ ಪ್ರಸಾದ.

ಕಲ್ಕತ್ತೆಯ ಮಳೆಗಾಲದ ಕೆಸರಿಗೆ ಬೇರೆ ಊರಿನಿಂದ ಬಂದವರು ಹೆದರುತ್ತಿದ್ದರು. ಆಲ್ದೂರಿನವನಿಗೆ ಅದು ಮನೆಯಂಗಳ. ಆ ಕ್ಲಬ್ಬು ಅವನನ್ನು ಏಳು ಮಳೆಗಾಲ ಬಿಟ್ಟುಕೊಡಲಿಲ್ಲ. ಗೋಲು ಹೊಡೆದವರ ಹೆಸರು ಪೇಪರಿಗೆ ಬರುತ್ತಿತ್ತು. ಕೊಟ್ಟವನ ಹೆಸರು ಯಾರೂ ಬರೆಯುತ್ತಿರಲಿಲ್ಲ. ಒಮ್ಮೆ ಮಾತ್ರ ಒಂದು ಚಿತ್ರ ಬಂತು. ನಡುವೆ ಕೈ ಮೇಲೆತ್ತಿ ಓಡುತ್ತಿರುವ ಬೇರೆಯವನು. ಚಿತ್ರದ ಅಂಚಿನಲ್ಲಿ, ಚೆಂಡು ಕೊಟ್ಟು ಇನ್ನೂ ಗಾಳಿಯಲ್ಲೇ ಇದ್ದ ಒಂದು ಕಾಲು. ಮಂಡಿಯಿಂದ ಮೇಲೆ ಕತ್ತರಿಸಿಹೋಗಿತ್ತು.

ತಂದೆ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಬಸವಣ್ಣನವರ ಪಟದ ಕೆಳಗೆ ತೂಗುಹಾಕಿದರು.

* * *

“ಲೋಕ ಏನನ್ನುತ್ತೆ?” ಸೋಮಶೇಖರಪ್ಪ ಜಗಲಿಯ ಕಂಬಕ್ಕೆ ಒರಗಿದರು. “ನಮ್ಮಜ್ಜನಿಂದ ಹಿಡಿದು ಯಾರನ್ನೂ ಹೀಗೆ ಕಾಲು ಚಾಚಿಸಿ ಕಳಿಸಿಲ್ಲ. ಶಿವನ ಮುಂದೆ ಕಾಲು ನೀಡಿ ಕೂರೋದಾ? ಅಯ್ಯನವರೇ, ನೀವಾದ್ರೂ ಹೇಳಿ.”

ಮಠದ ಅಯ್ಯನವರು ವಿಭೂತಿ ಗಟ್ಟಿಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದರು. ಅವರು ತಲೆ ಎತ್ತಲಿಲ್ಲ. “ಕ್ರಮ ಅಂತ ಇರೋದು ಪದ್ಮಾಸನ. ಆದರೆ ಅಮ್ಮ ಪೂಜೆಯಿಂದ ಏಳಲಿ. ಹೆತ್ತವರು ಅವರು.”

ಅಮ್ಮ, ಎಂಬತ್ತು ದಾಟಿದ ಸಿದ್ದಗಂಗಮ್ಮ, ಒಳಗೆ ಲಿಂಗಪೂಜೆಗೆ ಕೂತಿದ್ದರು. ಸಾವಿನ ಮನೆಯೆಂದು ಅವರು ಪೂಜೆ ಬಿಟ್ಟವರಲ್ಲ. ಗಂಡ ಹೋದ ದಿನವೂ ಬಿಟ್ಟಿರಲಿಲ್ಲ. ಒಮ್ಮೆ ಅಂಗೈ ಮೇಲೆ ಲಿಂಗ ಬಂತೆಂದರೆ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಕ್ರಮ ತಪ್ಪಿದರೆ ಹೆತ್ತ ಮಕ್ಕಳನ್ನೂ ಬಿಡದ ಹೆಂಗಸು. ಸೋಮಶೇಖರಪ್ಪನವರಿಗೆ ಅದೇ ಧೈರ್ಯ. ಸುಪ್ರಿಯಾಗೆ ಅದೇ ಭಯ.

“ಲಗ್ನದಲ್ಲೂ ಹಿಂಗೇ ಆಯ್ತಲ್ಲ” ಎಂದ ಕೆಂಪಯ್ಯ, ಯಾರನ್ನೂ ನೋಡದೆ. “ಮಣೆ ಮೇಲೆ ಕೂರೋಕಾಗದೆ ನಿಂತೇ ತಾಳಿ ಕಟ್ದ. ಅಕ್ಷತೆ ಹಾಕೋರಿಗೆ ಕೈ ಎಟುಕ್ಲಿಲ್ಲ.”

ಯಾರೋ ನಕ್ಕರು. ಸುಪ್ರಿಯಾಳ ತುಟಿಯೂ ಸ್ವಲ್ಪ ಅಲುಗಿತು.

“ನಾನೂ ನಿಂತೇ ಕಟ್ಟಿಸ್ಕೊಂಡೆ” ಎಂದಳು.

* * *

ಮಂಡಿ ಹೋದದ್ದು ಯಾರ ಒದೆತದಿಂದಲೂ ಅಲ್ಲ. ನೀರು ನಿಂತ ಮೈದಾನದಲ್ಲಿ ತಿರುಗುವಾಗ ಪಾದ ಕೆಸರಲ್ಲಿ ಉಳಿಯಿತು, ಮೈ ತಿರುಗಿತು. ಆಪರೇಷನ್ ಆಯಿತು, ಕೀವಾಯಿತು, ಮತ್ತೆ ಆಪರೇಷನ್ ಆಯಿತು. ಕೊನೆಗೆ ಬೆಂಗಳೂರಿನ ಡಾಕ್ಟರು, ಕೀಲನ್ನು ತೆಗೆದು ಎರಡೂ ಮೂಳೆಗಳನ್ನು ಸೇರಿಸಿ ಕೂಡಿಸಬೇಕು ಎಂದರು.

“ಆಮೇಲೆ ಅದು ಮಡಚೋದಿಲ್ಲ. ಯಾವ ಭಂಗಿಯಲ್ಲಿ ಕೂಡಿಸ್ತೀವೋ ಸಾಯೋವರೆಗೂ ಅದೇ. ಸ್ವಲ್ಪ ಜಾಸ್ತಿ ಬಗ್ಗಿಸಿ ಕೂಡಿಸಿದರೆ ಬಸ್ಸಲ್ಲಿ, ಕುರ್ಚಿಯಲ್ಲಿ ಕೂರೋಕೆ ಸುಖ, ಆದರೆ ಕುಂಟ್ತೀರ. ನೆಟ್ಟಗೆ ಕೂಡಿಸಿದರೆ ನಿಲ್ಲೋಕೆ ಗಟ್ಟಿ. ಕೂರೋದು ಕಷ್ಟ.”

ಹಾಸಿಗೆಯ ಪಕ್ಕದಲ್ಲಿದ್ದ ಸೋಮಶೇಖರಪ್ಪನವರೇ ಮೊದಲು ಮಾತಾಡಿದರು. “ಬಗ್ಗಿಸೇ ಕೂಡಿಸಿ ಡಾಕ್ಟ್ರೆ. ಇನ್ಮೇಲೆ ಅಂಗಡೀಲಿ ಕೂತ್ಕೊಂಡೇ ಇರೋನು.”

“ನೆಟ್ಟಗೇ ಇರಲಿ” ಎಂದ ಪ್ರಸಾದ.

“ಯೋಚನೆ ಮಾಡು ಮಾರಾಯ. ಪಂಕ್ತೀಲಿ ಕೂರೋಕಾಗಲ್ಲ, ಪೂಜೆಗೆ ಕೂರೋಕಾಗಲ್ಲ.”

“ನಿಂತ್ಕೊಂಡು ಉಣ್ತೀನಿ. ನಿಂತ್ಕೊಂಡೇ ಪೂಜೆ ಮಾಡ್ತೀನಿ. ಕೂತು ಚೆಂಡು ಕೊಟ್ಟೋನನ್ನ ನೋಡಿದೀಯಾ ನೀನು?”

ಹಾಗೇ ಬದುಕಿದ. ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡಿದ. ಬೆಳಿಗ್ಗೆ ಕಿಟಕಿಯ ಮುಂದೆ ನಿಂತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡಿದ. ಸಂಜೆ ಮೈದಾನಕ್ಕೆ ಹೋಗಿ, ನಡುವಿನ ಗೆರೆಯ ಮೇಲೆ ಗೂಟದ ಹಾಗೆ ನಿಂತ. ಆಲ್ದೂರು, ಬಣಕಲ್ಲಿನ ಮೂರು ತಲೆಮಾರಿನ ಹುಡುಗರು ಅವನ ಸುತ್ತ ಓಡಿದರು. ಚೆಂಡು ಅವನ ಪಾದಕ್ಕೆ ಬಂದರೆ ಅರೆಗಳಿಗೆ ನಿಲ್ಲುತ್ತಿರಲಿಲ್ಲ; ಯಾರೂ ಕಾಣದ ಕಡೆ, ಯಾರೋ ಆಗಷ್ಟೇ ಓಡಲು ತೊಡಗಿದ ಕಡೆ ಹೋಗುತ್ತಿತ್ತು. ಓಡದವನೂ ಒಬ್ಬ ಆಟಗಾರನಾ ಎಂದು ಬೇಲಿಯಾಚೆಯಿಂದ ಕೂಗಿದವನಿಗೆ ಅವನು ಕೊಟ್ಟ ಉತ್ತರ ಊರಲ್ಲೇ ಉಳಿಯಿತು: “ಓಡೋಕೆ ಚೆಂಡಿದೆಯಲ್ಲ ಮಾರಾಯ.”

* * *

ಬಾಗಿಲಲ್ಲಿ ಸಿದ್ದಗಂಗಮ್ಮ ಕಾಣಿಸಿಕೊಂಡರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಕಣದ ಮೂಲೆಯಲ್ಲಿ ಒರಗಿಸಿದ್ದ ಹಾರೆಯನ್ನು ಅವರು ಒಮ್ಮೆ ನೋಡಿದರು.

“ಅದು ಯಾಕೆ ಇಲ್ಲಿದೆ? ಗುಂಡಿ ಅಲ್ಲಿ ತೋಡ್ತಿರೋದಲ್ವಾ?”

ಸುಪ್ರಿಯಾ ಮಂಡಿಯ ಮೇಲಿನ ಕೈ ತೆಗೆಯದೆ ಭಾವನ ಕಡೆ ತಿರುಗಿದಳು.

“ಭಾವ, ಅಂಗಡೀಲಿ ಮಾವ ಕಟ್ಟು ಹಾಕಿಸಿ ತೂಗುಹಾಕಿದ್ರಲ್ಲ, ಅದು ಯಾರ ಕಾಲು?”

ಅವರು ಚಾಚಿದ್ದ ಕಾಲಿನ ಕಡೆ ನೋಡಿದರು.

“ಮಾವ ಹೋದ ಮೇಲೂ ನೀವು ಅದನ್ನ ಇಳಿಸಲಿಲ್ಲ. ಮೆಣಸು ಕೊಳ್ಳೋಕೆ ಬಂದೋರಿಗೆಲ್ಲ ತೋರಿಸ್ತೀರ. ನಾನೇ ಕೇಳಿದೀನಿ. ಇದು ನನ್ನ ತಮ್ಮನ ಕಾಲು ಅಂತೀರ, ಮುಖ ಇಲ್ಲದಿದ್ರೂ. ಇವತ್ತು ಅದನ್ನ ನಿಮ್ಮ ಕೈಯಾರೆ ಮುರೀತೀರಾ? ಮುರೀರಿ. ಆದ್ರೆ ಮೊದಲು ಆ ಪಟ ತಂದು ನನ್ನ ಮುಂದೆ ಒಡೀರಿ.”

ಸೋಮಶೇಖರಪ್ಪ ಹೆಗಲ ಮೇಲಿನ ಶಲ್ಯವನ್ನು ತೆಗೆದು ಮುಖಕ್ಕೆ ಒತ್ತಿಕೊಂಡರು. ಬೆಳಗಿನಿಂದ ಓಡಾಡಿದ ಮನುಷ್ಯ, ಅಳುವುದಕ್ಕೆ ಅವರಿಗೆ ಈವರೆಗೆ ಪುರುಸೊತ್ತಾಗಿರಲಿಲ್ಲ. “ಅವನನ್ನ ಸರಿಯಾಗಿ ಕಳಿಸ್ಬೇಕು ಅಂತಷ್ಟೇ ಕಣಮ್ಮ” ಎಂದರು, ಬಟ್ಟೆಯೊಳಗಿನಿಂದ.

ಸಿದ್ದಗಂಗಮ್ಮ ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಮಗನ ಪಾದದ ಬಳಿ ಕೂತು, ಹೆಬ್ಬೆರಳಿಗೆ ಅಂಟಿದ್ದ ಪಾರ್ಚ್‌ಮೆಂಟಿನ ಹೊಟ್ಟನ್ನು ಸೆರಗಿನಿಂದ ಒರೆಸಿದರು.

“ಲಿಂಗ ಕೂರೋದು ಅಂಗೈ ಮೇಲೆ” ಎಂದರು. “ಮಂಡಿ ಮೇಲಲ್ಲ. ದಿನಾ ನಿಂತೋನ ಅಂಗೈಗೆ ಬಂದ ಶಿವ ಇವತ್ತು ಬರಲ್ಲ ಅಂತಾನಾ? ಅಯ್ಯನವರೇ, ಒಂದು ಕಾಲು ಮಡಚಿದೆ. ಇದಕ್ಕೆ ಏನಂತಾರೆ?”

ಅಯ್ಯನವರು ಮೊದಲ ಬಾರಿಗೆ ತಲೆ ಎತ್ತಿದರು. “ಅರ್ಧ ಪದ್ಮಾಸನ ಅನ್ನಬಹುದು ತಾಯಿ.”

“ಅನ್ನಿ ಮತ್ತೆ.”

“ಅಲ್ಲೂ ಹಾಫೇ ಆದ” ಎಂದ ಕೆಂಪಯ್ಯ. ಹಾರೆಯನ್ನು ಹೆಗಲಿಗೇರಿಸಿಕೊಂಡು, ಗುಂಡಿಯ ಮುಂಭಾಗವನ್ನು ಇನ್ನೊಂದು ಕಾಲಿನುದ್ದ ಅಗೆಯಲು ತೋಟದೊಳಕ್ಕೆ ನಡೆದ.

* * *

ಬಿಸಿಲು ಇಳಿಯುವ ಹೊತ್ತಿಗೆ ಪ್ರಸಾದನನ್ನು ಇಳಿಸಿದರು. ಬೆನ್ನು ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿಗೆ ಒರಗಿತ್ತು. ಎಡ ಅಂಗೈಯಲ್ಲಿ ಲಿಂಗ, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ. ಕೆಂಪಯ್ಯ ಹೊಸದಾಗಿ ಅಗೆದ ತೋಡಿನಲ್ಲಿ ಬಲಗಾಲು ನೆಟ್ಟಗೆ ಮಲಗಿತು. ಸೋಮಶೇಖರಪ್ಪನವರೇ ಗುಂಡಿಗಿಳಿದು ಹಿಮ್ಮಡಿಯ ಕೆಳಗೆ ಒಂದು ವಿಭೂತಿ ಗಟ್ಟಿ ಇಟ್ಟರು. ತೋಟದ ಬೇಲಿಯಾಚೆ ಮೈದಾನದ ಹುಡುಗರು, ಆಟದ ಬಟ್ಟೆಯಲ್ಲೇ ಬಂದವರು, ನಿಂತಿದ್ದರು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ ಕೆಂಪಯ್ಯ ಗೂಡಿನ ಕಡೆಯಿಂದ ಸನಿಕೆಯಲ್ಲಿ ಮಣ್ಣು ಎಳೆದ. ಮಡಿಲು ಮುಚ್ಚಿತು, ಎದೆ ಮುಚ್ಚಿತು, ಹಣೆಯ ವಿಭೂತಿಯೂ ಮುಚ್ಚಿತು. ಪಾದದ ಮೇಲೆ ಬಿದ್ದ ಒಣಮಣ್ಣು ಮಾತ್ರ ಮತ್ತೆ ಮತ್ತೆ ಜಾರುತ್ತಿತ್ತು. ಕೆಂಪಯ್ಯ ಇನ್ನೆರಡು ಸನಿಕೆ ಸುರಿದ. ಅದೂ ಜಾರಿತು. ಅವನು ಸನಿಕೆ ಊರಿ ನಿಂತುಬಿಟ್ಟ. ಯಾರೂ ಅವಸರ ಮಾಡಲಿಲ್ಲ. ಕೆಂಪು ಮಣ್ಣಿನ ನಡುವೆ ಆ ಪಾದವೊಂದೇ ಎದ್ದು ನಿಂತಿತ್ತು, ಚೆಂಡು ಕೊಡುವಾಗಿನ ಹಾಗೆ ಬೆರಳುಗಳು ಸ್ವಲ್ಪ ಹೊರಕ್ಕೆ ತಿರುಗಿ, ಒಳಮೈ ಬೇಲಿಯ ಕಡೆಗೆ ತೆರೆದು.